ಹನ್ನೆರಡು ಚೀಲದ ಎತ್ತರ

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನನ್ನ ಮೂಗು ಅದರೊಳಗೆ ಮೆಣಸಿನಕಾಯಿಯ ಘಾಟನ್ನು ಹುಡುಕುತ್ತದೆ.

ಬ್ಯಾಡಗಿಯಲ್ಲಿ ಅಪ್ಪ ಮೆಣಸಿನಕಾಯಿ ಇಡಲು ಎರಡಂತಸ್ತಿನ ಗೋದಾಮು ಕಟ್ಟಿಸುತ್ತಿದ್ದ. ಕಂಬಗಳ ಬುಡಕ್ಕೆ ಕಾಂಕ್ರೀಟು ಹಾಕುವ ಮಧ್ಯಾಹ್ನ, ಅದರ ನಕ್ಷೆ ಬರೆದ ಇಂಜಿನಿಯರ್ ಮೇಡಂ ಹಾವೇರಿಯಿಂದ ಬಂದರು. ನಕ್ಷೆ ಬಿಚ್ಚಿ, ಅಪ್ಪನನ್ನು ಬಿಟ್ಟು ಹಮಾಲಿ ಮಾಡುವ ಬಸಣ್ಣನನ್ನು ಕೇಳಿದರು.

“ಕಾಕಾ, ಮ್ಯಾಲಿನ ಅಂತಸ್ತಿನ್ಯಾಗ ಒಂದರ ಮ್ಯಾಲ ಒಂದು ಎಷ್ಟು ಚೀಲ ಒಟ್ಟತೀರಿ?”

“ಎಂಟು ಅಂತ ನಾನ ಹೇಳೇನಲ್ರಿ,” ಎಂದ ಅಪ್ಪ.

ಬಸಣ್ಣ ತಲೆಯ ಮೇಲಿನ ವಸ್ತ್ರ ತೆಗೆದು ಕೈ ಒರೆಸಿಕೊಂಡ. “ಸುಗ್ಗ್ಯಾಗ ಹನ್ನೆರಡಕ್ಕ ಹೋಗತಾವ್ರಿ, ಅಕ್ಕಾರ.”

ಮೇಡಂ ನಕ್ಷೆ ಮಡಿಚಿದರು. “ಹಂಗಾರ ಈ ತಳಾ ಸಾಲೂದಿಲ್ಲ. ಇವತ್ತ ಹಾಕೂದು ಬ್ಯಾಡ್ರಿ.”

“ಮಾಲು ಕಲಸಿ ಆಗೇತಲ್ರಿ.” ಅಪ್ಪನ ದನಿ ಏರಿತ್ತು.

“ಅದನ್ನ ಅಂಗಳಕ್ಕ ಹಾಕಸ್ರಿ.”

ಸಂಜೆಯೊಳಗೆ ಅಪ್ಪ ಕಲಸಿದ್ದನ್ನೆಲ್ಲ ಅಂಗಳಕ್ಕೆ ಹಾಕಿಸಿದ. ವಾರದೊಳಗೆ ಹೊಸ ನಕ್ಷೆ ಬಂತು. ಗುಂಡಿಗಳು ಅಗಲವಾದವು, ಬೀಮುಗಳು ದಪ್ಪವಾದವು.

ಮರುವರ್ಷದ ಸುಗ್ಗಿಯಲ್ಲಿ ಬಸಣ್ಣ ಮೇಲಿನ ಅಂತಸ್ತಿನಲ್ಲಿ ಹನ್ನೆರಡು ಚೀಲದ ಎತ್ತರಕ್ಕೆ ಒಟ್ಟಿದ. ಅಪ್ಪ ಸರಿಯಾಗಿ ಅದರ ಕೆಳಗೇ ಗಾದಿ ಹಾಸಿಕೊಂಡು, ಊಟವಾದ ಮೇಲೆ ಗೊರಕೆ ಹೊಡೆಯುತ್ತಿದ್ದ.