ಅಧ್ಯಕ್ಷರ ತಾಳ್ಮೆ

ಡಾಕ್ಟರ ಹೆಂಡತಿ ಮಾತಾಡುತ್ತಿದ್ದಷ್ಟು ಹೊತ್ತೂ ಮನೆಯ ಯಜಮಾನನ ಕಣ್ಣು ಆಕೆಯ ತುಟಿಯ ಮೇಲೇ ಇತ್ತು. ಊಟಕ್ಕೆ ಕೂತಿದ್ದ ಉಳಿದವರೂ ಅದನ್ನು ಕಂಡರು. ಆಕೆ ಮುಖ ಕೆಂಪಾಗಿಸಿಕೊಂಡು ತಲೆ ತಗ್ಗಿಸಿದಳು. ಅವನು ಇನ್ನಷ್ಟು ಮುಂದಕ್ಕೆ ಬಾಗಿದ.

ಬಡಿಸುತ್ತಿದ್ದ ಅವನ ಹೆಂಡತಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಒಳಗೆ ಹೋದಳು.

ಅವಳ ಗಂಡ ಅರ್ಧ ಆಯಸ್ಸು ಎಂಜಿನ್‌ಗಳ ಗದ್ದಲದಲ್ಲಿ ನಿಂತು ಹಡಗು ವ್ಯಾಪಾರ ಕಟ್ಟಿದ ಮನುಷ್ಯ. ಈಗ ನಗರಸಭೆಯ ಅಧ್ಯಕ್ಷ. ಊರೆಲ್ಲ ಅವನ ತಾಳ್ಮೆಯನ್ನೇ ಹೊಗಳುತ್ತಿತ್ತು. ವಿರೋಧಿಗಳು ಹಿಂದಿನ ಸಾಲಿನಿಂದ ಏನೇ ಕೂಗಿದರೂ ಹುಬ್ಬು ಅಲುಗಿಸುವುದಿಲ್ಲವಂತೆ. ಸದಸ್ಯರು ಒಬ್ಬೊಬ್ಬರೇ ಎದುರು ಬಂದು ನಿಂತು ಮಾತಾಡಬೇಕೆಂಬ ನಿಯಮ ತಂದವನೂ ಅವನೇ. ಸಭೆಗೆ ಶಿಸ್ತು ಬಂತೆಂದು ಪತ್ರಿಕೆಗಳು ಬರೆದವು.

ಮನೆಯಲ್ಲಿ ಆ ತಾಳ್ಮೆಯ ರೂಪವೇ ಬೇರೆ. ಅವಳು ಅಡುಗೆಮನೆಯಿಂದ ಕರೆದರೆ ಉತ್ತರವಿಲ್ಲ. ಹಿಂದೆಲ್ಲ ದೀಪ ಆರಿಸಿದ ಮೇಲೇ ಇಬ್ಬರ ಮಾತು ಶುರುವಾಗುತ್ತಿತ್ತು. ಈಗ ಕತ್ತಲಲ್ಲಿ ಏನು ಹೇಳಿದರೂ ಗೋಡೆಗೆ ಹೇಳಿದಂತೆ. ಬೆಳಗಾದರೆ ಸಣ್ಣ ವಿಷಯಕ್ಕೂ ದನಿ ಏರಿಸುತ್ತಾನೆ. ಫೋನ್ ಬಂದರೆ ಗುಮಾಸ್ತನ ಕೈಗೆ ದಾಟಿಸುತ್ತಾನೆ. ಸಂಜೆ ಟೈಲರ್ ಅಂಗಡಿಯ ಮಹಡಿ ಹತ್ತುತ್ತಾನೆ. ಅಲ್ಲಿ ಬಾಡಿಗೆಗಿರುವುದು ಒಬ್ಬಳೇ ಹುಡುಗಿ. ಯಾವುದೋ ಶಾಲೆಯ ಟೀಚರಂತೆ.

ಎಲ್ಲವನ್ನೂ ಅಕ್ಕನಿಗೆ ಹೇಳಿಕೊಂಡಿದ್ದಳು. ಅಕ್ಕ ಸಮಾಧಾನ ಹೇಳುವವಳಲ್ಲ.

“ನಿನ್ನೋನು ಈಗ ಊರಿಗೆಲ್ಲ ಬೇಕಾದೋನು ಕಣೇ. ನಿನ್ನ ಪಾಲಿಗೆ ಎಷ್ಟು ಮಿಕ್ಕಿದಾನೋ ನೋಡ್ಕೋ.”

ಊಟದ ಮಾರನೆಯ ಬೆಳಗ್ಗೆ ಅವನು ಹೊಸ್ತಿಲ ಬಳಿ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಅವಳು ಬೆನ್ನ ಹಿಂದೆ ನಿಂತಳು.

“ಅಕ್ಕನ ಮನೆಗೆ ಹೋಗ್ತಿದೀನಿ. ವಾಪಸ್ ಬರಲ್ಲ. ಬೇಡ ಅಂತ ಒಂದ್ಮಾತು ಹೇಳಿ, ಇದ್ದುಬಿಡ್ತೀನಿ.”

ಅವನು ದಾರ ಬಿಗಿದು, ಎದ್ದು, ತಿರುಗಿಯೂ ನೋಡದೆ ಹೊರಟುಹೋದ.

ಬೈದಿದ್ದರೂ ಆಗುತ್ತಿತ್ತು. ಜಗಳವಾಡುವಷ್ಟಾದರೂ ತಾನು ಬೇಕಾಗಿದ್ದೇನೆ ಅಂದುಕೊಳ್ಳುತ್ತಿದ್ದಳು. ಪೆಟ್ಟಿಗೆ ತುಂಬಿದಳು. ಸಂಜೆ ಬಸ್ಸಿಗೆ ಹೊರಟವಳು ಕಣ್ಣಾರೆ ಒಮ್ಮೆ ನೋಡಿಯೇ ಹೋಗೋಣವೆಂದು ಟೈಲರ್ ಹತ್ತಿರ ಪೆಟ್ಟಿಗೆ ಬಿಟ್ಟು ಮಹಡಿ ಹತ್ತಿದಳು.

ಬಾಗಿಲು ಅರೆ ತೆರೆದಿತ್ತು. ಎರಡು ಕುರ್ಚಿಗಳು ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ಗಂಡ ಹುಡುಗಿಯ ಮುಖದತ್ತ ಬಾಗಿದ್ದ.

“ಇದಾ ನಿಮ್ಮ ನಗರಸಭೆ?” ಎಂದಳು, ಕೆಳಗೆ ಹೊಲಿಗೆ ಮಿಷನ್ ನಿಂತುಹೋಗುವಷ್ಟು ಜೋರಾಗಿ.

ಹುಡುಗಿ ಬೆಚ್ಚಿ ಬಾಗಿಲತ್ತ ನೋಡಿದಳು. ಗಂಡ ಅಲುಗಲಿಲ್ಲ.

“ಯಾಕೆ ನಿಲ್ಲಿಸಿಬಿಟ್ರಿ ಟೀಚರ್? ನಿಮ್ಮ ಶಾಲೆ ಮಕ್ಕಳಿಗೆ ಹೇಳ್ಕೊಡೋ ಅಷ್ಟು ನಿಧಾನ ಬೇಡ, ತುಟಿ ಬೇಗ ಬೇಗ ಆಡಿಸಿ,” ಎನ್ನುತ್ತಿದ್ದ ಅವನು. “ನನ್ನ ಹೆಂಡ್ತಿ ಮಾತು ಬಲು ಚುರುಕು. ಕಿವಿ ಹೋದ್ಮೇಲೆ ಅವಳದ್ದು ಒಂದೂ ಸಿಕ್ಕಿಲ್ಲ ನಂಗೆ.”