ಹೊಳೆ ದಾಟಿಸಿದ ನಾಯಕ

ಮೈಕು ಕೈಗೆ ಬಂದದ್ದೇ ತಡ, ಸಾವಂತ್ರಮ್ಮ ಗಂಡನ ಹೆಸರು ಹಿಡಿದು ಮಾತು ಶುರುಮಾಡಿದಳು.

"ನಿಮ್ಮ ಚೆಲುವರಾಜ್ ಯಾರೋ ನಂಗೊತ್ತಿಲ್ಲ. ನಾನು ಲಗ್ನ ಆಗಿದ್ದು ಜಗಳೂರು ಕಡೆ ತಿಪ್ಪೇಶಪ್ಪನ್ನ."

ಹೊನ್ನಾಳಿಯ ಸಮುದಾಯ ಭವನದಲ್ಲಿ ತುಂಬಿದ್ದ ಜನ ಮುಖ ಮುಖ ನೋಡಿಕೊಂಡರು. ಹಳೆಯ ಕಾಲದ ನಾಯಕನಟ ಚೆಲುವರಾಜ್ ಆ ವಾರ ತೀರಿಕೊಂಡಿದ್ದ. ಶ್ರದ್ಧಾಂಜಲಿ ಸಭೆಯ ವೇದಿಕೆಯ ಮೇಲೆ ಅವನ ಆಳೆತ್ತರದ ಚಿತ್ರ: ಕಾಯಿಲೆಯ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ತುಂಬಿದ ಹೊಳೆ ದಾಟುತ್ತಿರುವ ಗಂಡ. ಆ ದೃಶ್ಯ ತೆಗೆದದ್ದು ಇದೇ ಊರಿನ ತುಂಗಭದ್ರೆಯಲ್ಲಿ ಎನ್ನುವುದು ಹೊನ್ನಾಳಿಯವರಿಗೆ ಇಂದಿಗೂ ಹೆಮ್ಮೆ. ಅವನ ಬೆಂಗಳೂರಿನ ಮನೆಯವರು ಬರಲು ಒಪ್ಪದಿದ್ದಾಗ ಅಭಿಮಾನಿ ಸಂಘದ ಅಧ್ಯಕ್ಷ ಕಲ್ಲೇಶನಿಗೆ ಇವಳ ನೆನಪಾಗಿತ್ತು. ಸಿನಿಮಾ ಸೇರುವ ಮೊದಲು, ಇನ್ನೂ ತಿಪ್ಪೇಶಪ್ಪನಾಗಿದ್ದಾಗ ಅವನು ಕಟ್ಟಿಕೊಂಡು, ಹೆಸರು ಬಂದ ಮೇಲೆ ಬಿಟ್ಟ ಹೆಂಡತಿ. ಇದೇ ಊರಿನ ತವರಿನಲ್ಲಿ ಮುದುಕಿಯಾದವಳು.

"ಅಮ್ಮಾ, ಅವರ ಬಗ್ಗೆ ಎರಡು ಒಳ್ಳೆ ಮಾತು ಹೇಳ್ರಿ, ಸಾಕು," ಎಂದು ಕಲ್ಲೇಶ ಬಗ್ಗಿ ಪಿಸುಗುಟ್ಟಿದ.

"ಮಾತಾಡಾಕೇ ಬಂದೀನಿ. ಕೂತ್ಕೋ ನೀನು." ಅವಳು ಚಿತ್ರದ ಕಡೆ ಕೈ ಚಾಚಿದಳು. "ಈ ಸೀನು ತೆಗೆಯೋ ದಿನ ನಾನೂ ದಂಡೆ ಮೇಲಿದ್ದೆ. ಕಂಕುಳಾಗೆ ಮಗಳು, ಮೈ ಕೆಂಡ ಆಗಿತ್ತು. ಜನರ ಮಧ್ಯೆ ನುಗ್ಗಿ ಹೋಗಿ, 'ರೀ, ಕೂಸಿಗೆ ಜ್ವರ ಐತೆ, ದವಾಖಾನಿಗೆ ಬರ್ರಿ' ಅಂದೆ. ಪಕ್ಕದಾಗಿದ್ದ ಮ್ಯಾನೇಜರು 'ಯಾರಿವರು' ಅಂತ ಕೇಳ್ದ. ಈ ಮಹಾರಾಯ ಏನಂದ ಗೊತ್ತಾ? 'ಯಾರೋ ಅಭಿಮಾನಿ ಇರ್ಬೇಕು, ಆಚೆ ಕಳಿಸ್ರಿ' ಅಂದ. ಆಮ್ಯಾಲೆ ಹೋಗಿ ಆ ಹೀರೋಯಿನ್ನ ಬೆನ್ನಿಗೆ ಹಾಕ್ಕೊಂಡು ಹೊಳೆಗಿಳಿದ. ದಂಡೆ ಮೇಲಿದ್ದೋರೆಲ್ಲ ಅಳಾಕೆ ಹತ್ತಿದ್ರು."

ಮುಂದಿನ ಸಾಲಿನಲ್ಲಿ ಕೂತಿದ್ದ ಮಗಳು ಪ್ರೇಮಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಇದನ್ನು ಅವಳೂ ಮೊದಲ ಸಲ ಕೇಳುತ್ತಿದ್ದಳು.

ಹಿಂದಿನಿಂದ ಒಬ್ಬ ಎದ್ದು ಕೂಗಿದ. "ಸತ್ತೋರ ಬಗ್ಗೆ ಹಿಂಗೆಲ್ಲ ಆಡಬಾರ್ದಮ್ಮಾ! ದೇವ್ರಂಥ ಮನುಷ್ಯ!"

"ಇದೇ! ಇದೇ ಮಾತು!" ಸಾವಂತ್ರಮ್ಮನ ದನಿ ಸೀಳಿತು. "ಒಂದೊಂದು ಪಿಚ್ಚರ್ ಬಂದಾಗ್ಲೂ ಕೇಳೀನಿ ಇದನ್ನ. ಹೆಂಡ್ತಿ ಕಾಲು ಒತ್ತೋ ಪಿಚ್ಚರ್ ಬಂತು, ನಲ್ಲಿ ಹತ್ರ ಹೆಂಗಸ್ರು, 'ಅಂಥ ಗಂಡನ ಜೊತೆ ಬಾಳಾಕೆ ಬರ್ಲಿಲ್ಲ ಇವಳಿಗೆ' ಅಂದ್ರು. ಕುರುಡಿ ಹೆಂಡ್ತಿಗೆ ತುತ್ತು ಉಣ್ಣಿಸೋ ಪಿಚ್ಚರ್ ಬಂತು, ಒಡಹುಟ್ಟಿದ ಅಣ್ಣನೇ, 'ನಿನ್ನಾಗೇ ಏನೋ ಐಬು ಐತೆ, ಇಲ್ದಿದ್ರೆ ಅಂಥೋನು ಬಿಡ್ತಿದ್ನಾ' ಅಂದ. ಚನ್ನಗಿರಿಯಿಂದ ಮಗಳ್ನ ನೋಡಾಕೆ ಬಂದೋರು ಬೀದಿ ತುಂಬ ವಿಚಾರಿಸಿದ್ದು ಅವನ ನಡತೆಯಲ್ಲ, ನನ್ನ ನಡತೆ!"

ಕಲ್ಲೇಶ ಮೈಕಿನವನಿಗೆ ಕೈಸನ್ನೆ ಮಾಡಿದ. ಮೈಕು ಸತ್ತಿತು. ಅವಳು ಅದನ್ನು ಮೇಜಿನ ಮೇಲೆ ಕುಕ್ಕಿ, ವೇದಿಕೆಯ ಅಂಚಿಗೆ ಬಂದು ನಿಂತಳು. ಕೆಳಗಿಳಿಸಲು ಕಲ್ಲೇಶ ಅವಳ ರಟ್ಟೆ ಹಿಡಿದ. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ಪ್ರೇಮಮ್ಮ ಅವನ ಕೈಯನ್ನು ಕಿತ್ತೆಸೆದಳು.

"ಮುಟ್ಟಬ್ಯಾಡ. ನಮ್ಮವ್ವ ಮಾತಾಡ್ಲಿ."

ಕಲ್ಲೇಶನ ಮುಖ ಕಪ್ಪಿಟ್ಟಿತು. "ಅವರು ಹೋಗೇ ಬಿಟ್ರಲ್ಲಮ್ಮ! ಇನ್ನು ಯಾರ ಮೇಲೆ ನಿಮ್ಮ ಸಿಟ್ಟು?"

ಸಾವಂತ್ರಮ್ಮ ಸಾಲು ಸಾಲು ಕುರ್ಚಿಗಳನ್ನು ನೋಡಿದಳು. ಎಷ್ಟೋ ನರೆತ ತಲೆಗಳ ಹೆಸರು ಅವಳಿಗೆ ಗೊತ್ತಿತ್ತು. ಮೈಕಿಲ್ಲದ ಅವಳ ದನಿ ಕೊನೆಯ ಗೋಡೆಯವರೆಗೂ ಮುಟ್ಟಿತು.

"ಅವನ ಮೇಲಿನ ಸಿಟ್ಟು ಯಾವತ್ತೋ ಆರಿ ಹೋಗೈತೆ. ಬಣ್ಣ ಹಚ್ಕೊಂಡು ಒಳ್ಳೇನಾಗೋದು ಅವನ ಹೊಟ್ಟೆಪಾಡು, ಮಾಡ್ಕೊಂಡ. ನನ್ನ ಕೆಟ್ಟೋಳು ಮಾಡಿದ್ದು ಯಾವ ಪಿಚ್ಚರಿನಾಗೂ ಇಲ್ಲ. ಅದನ್ನ ಮಾಡಿದೋರು ನೀವು. ಬಣ್ಣ ಹಚ್ಕೊಳ್ದೇನೇ."