ಗಾಳಿಯಿಲ್ಲದಲ್ಲಿ ಸಪ್ಪಳ

ಪರದೆಯ ಮೇಲೆ ಆಕಾಶನೌಕೆ ಸಿಡಿದು ಚೂರಾಗುತ್ತಿದ್ದಂತೆ ರೂಪೇಶ ಟೀವಿಯ ಸಪ್ಪಳವನ್ನು ಇನ್ನಷ್ಟು ಏರಿಸಿದ. ಕಪಾಟಿನಲ್ಲಿದ್ದ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು.

“ಏನ್ ಸಪ್ಪಳ ಲೇ ಈಶ್ವರ್ಯಾ! ಎದಿ ನಡುಗ್ತೈತಿ ನೋಡ. ಸಿನಿಮಾ ಅಂದ್ರ ಇದು!”

ಮಂಚದಲ್ಲಿ ದಿಂಬಿಗೆ ಒರಗಿದ್ದ ಈಶ್ವರ ಏನೂ ಅನ್ನಲಿಲ್ಲ. ಎರಡು ತಿಂಗಳಿಂದ ಅವನು ಯಾವುದಕ್ಕೂ ಏನೂ ಅಂದಿರಲಿಲ್ಲ. ದ್ರಾಕ್ಷಿ ತೋಟದಲ್ಲಿ ಲಕ್ವ ಹೊಡೆದು ಬಿದ್ದವನನ್ನು ಶೇಡಬಾಳದಿಂದ ಮಿರಜಿಗೆ ಒಯ್ದು ಉಳಿಸಿಕೊಂಡಿದ್ದರು. ಬಲಗೈ ನಿಧಾನವಾಗಿ ಮರಳುತ್ತಿತ್ತು, ಮಾತು ಮರಳಿರಲಿಲ್ಲ. ಮಾತಾಡಿಸುತ್ತ ಇರಿ, ಆದರೆ ರೊಚ್ಚಿಗೆಬ್ಬಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಮನೀಷಾ ದಿನವೂ ಮುಂಜಾನೆ ಅವನ ಎದುರು ಚಮಚ ಹಿಡಿದು, “ಚಮಚಾ ಅನ್ರಿ” ಎನ್ನುತ್ತಿದ್ದಳು. ಲೋಟ ಹಿಡಿದು, “ನೀರ ಅನ್ರಿ” ಎನ್ನುತ್ತಿದ್ದಳು. ಅವನು ಗೋಡೆಯ ಕಡೆ ಹೊರಳುತ್ತಿದ್ದ.

“ರೂಪೇಶಣ್ಣಾ, ಸ್ವಲ್ಪ ಕಡಿಮಿ ಮಾಡ್ರಿ,” ಎಂದಳು ಮನೀಷಾ. ಅವಳ ಕಣ್ಣು ಟೀವಿಯ ಮೇಲಿರಲಿಲ್ಲ, ಗಂಡನ ಹಣೆಯ ನರದ ಮೇಲಿತ್ತು.

“ಕಡಿಮಿ ಮಾಡಿದ್ರ ಮಜಾ ಏನ್ ಉಳೀತೈತ್ರಿ, ವೈನಿ?”

ರೂಪೇಶ, ಈಶ್ವರ ಇಬ್ಬರೂ ಹೈಸ್ಕೂಲಿನಿಂದ ಗೆಳೆಯರು. ಆಕಾಶನೌಕೆಯ ಸಿನಿಮಾ ಯಾವುದು ಬಂದರೂ ಒಂದೇ ಬೈಕಿನಲ್ಲಿ ಮಿರಜಿಗೆ ಹೋಗಿ ನೋಡಿ, ಬರುವಾಗ ಕಾಗವಾಡದ ಚಹಾದಂಗಡಿಯಲ್ಲಿ ಕೂತು, ಆ ನೌಕೆ ಹಾಗೆ ತಿರುಗಲು ಸಾಧ್ಯವೇ, ಅಷ್ಟು ಬೇಗ ಮಂಗಳಗ್ರಹ ಮುಟ್ಟಬಹುದೇ ಎಂದು ಚಹಾ ಆರುವವರೆಗೂ ಜಗಳಾಡುತ್ತಿದ್ದರು. ಸಿನಿಮಾದವರು ಲೆಕ್ಕ ತಪ್ಪಿದರೆ ಈಶ್ವರನಿಗೆ ಮನೆಗೆ ಬಂದ ಮೇಲೂ ಊಟ ಸೇರುತ್ತಿರಲಿಲ್ಲ.

ಪರದೆಯ ಮೇಲೆ ನಾಯಕ ಶಿರಸ್ತ್ರಾಣ ಕಿತ್ತೆಸೆದು ನೌಕೆಯಿಂದ ಹೊರಗೆ ಜಿಗಿದ. ಅವನ ಉದ್ದ ಕೂದಲು ಹಾರಾಡಿತು.

“ನೋಡ, ಕೂದಲಾ ಹೆಂಗ ಹಾರಾಕತ್ತಾವ! ಅಸಲ್ ತಗದಾರ ನೋಡ, ಖರೇ ಅಂದ್ರ ಇದು.”

ಈಶ್ವರನ ಹುಬ್ಬು ಗಂಟಿಕ್ಕಿತು. ಹೊದಿಕೆಯೊಳಗೆ ಅವನ ಕಾಲು ಚಡಪಡಿಸಿತು. ಹಣೆಯ ನರ ಉಬ್ಬಿದ್ದು ಕಂಡು ಮನೀಷಾ ಎದ್ದೇ ನಿಂತಳು. ಯಾರಿಗೂ ಒಂದು ಮಾತು ಹೆಚ್ಚು ಆಡದವಳು, “ಸಾಕ್ರಿ,” ಎಂದಳು. “ಟೀವಿ ಬಂದ್ ಮಾಡಿ ಮನಿಗೆ ನಡೀರಿ ನೀವು.”

ರೂಪೇಶ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮಂಚಕ್ಕೆ ಇನ್ನಷ್ಟು ಹತ್ತಿರ ಬಾಗಿದ. “ನೀ ಹೊಗಳ್ತಿದ್ದಿ ನೋಡ, ಸಪ್ಪಳಿಲ್ಲದ ಸಿನಿಮಾ, ಅದರಾಗ ನನಗ ನಿದ್ದಿ ಹತ್ತಿತ್ತಪಾ. ಅದಕ್ಕಿಂತ ಇದ ನೂರ ಪಟ್ಟು ಖರೇ ಐತಿ.”

“ಸು...ಳ್ಳ.”

ಟೀವಿ ಆರಿಸಲು ತಾನೇ ರಿಮೋಟು ಎತ್ತಿಕೊಂಡಿದ್ದ ಮನೀಷಾಳ ಕೈ ಅಲ್ಲೇ ನಿಂತಿತು. ರೂಪೇಶ ಮೆಲ್ಲಗೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಟೀವಿ ಆರಿಸಿದ. ಹೊರಗೆ ಒಣದ್ರಾಕ್ಷಿ ಶೆಡ್ಡಿನ ಹಸಿರು ಬಲೆ ಸಂಜೆಗಾಳಿಗೆ ಪಟಪಟ ಎನ್ನುವುದು ಒಳಗಿನವರೆಗೂ ಕೇಳಿಸಿತು.

“ಏನ್ ಸುಳ್ಳ? ಅಷ್ಟ ದೊಡ್ಡದ ಸಿಡದ್ರ ಸಪ್ಪಳ ಬರೂದಿಲ್ಲೇನ?”

ಈಶ್ವರನ ಬಾಯಿ ಒಂದು ಕಡೆ ಎಳೆಯಿತು. ಹಣೆಯಲ್ಲಿ ಬೆವರು ಮೂಡಿತು. “ಗಾ...ಳಿ ಇಲ್ಲ. ಸಪ್ಪಳ... ಎಲ್ಲಿಂದ... ಲೇ?”

ಮಂದಿಯ ಎದುರು ‘ಲೇ’ ಅನ್ನಬೇಡಿ ಎಂದು ಮದುವೆಯಾದಂದಿನಿಂದ ಅವನನ್ನು ತಿದ್ದುತ್ತ ಬಂದವಳು ಮನೀಷಾ. ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹೋಗೋ, ನಿನಗೇನ್ ತಿಳೀತೈತಿ,” ಎಂದ ರೂಪೇಶ. ಫೋನಿನಿಂದ ಟೀವಿಗೆ ಜೋಡಿಸಿದ್ದ ತಂತಿಯನ್ನು ಬಿಡಿಸಿ, ಬೆನ್ನು ತಿರುಗಿಸಿ ಕೂತು ಸುತ್ತತೊಡಗಿದ. ಗೇಣುದ್ದದ ತಂತಿ, ಸುತ್ತಿ ಮುಗಿಯಲೇ ಇಲ್ಲ.

ಅವನು ಹೊರಟಾಗ ಮನೀಷಾ ಒಂದು ಚೀಲ ಒಣದ್ರಾಕ್ಷಿ ಹಿಡಿದು ಅಂಗಳದವರೆಗೂ ಹೋದಳು. “ನಾ ನಿಮಗ ಹಂಗ ಅನಬಾರದಿತ್ತ್ರಿ. ಆದ್ರ ಅಂಥಾ ಸಿನಿಮಾ ನಿಮಗರೆ ಹೆಂಗ ಸೇರತ್ರಿ?”

“ಸೇರೂದ? ಎರಡ ಸಲಾ ನೋಡಾಕ ಕುಂತ ಎದ್ದ ಹೋಗೀನ್ರಿ, ವೈನಿ. ವಾರದಿಂದ ಹುಡುಕಾಕತ್ತಿದ್ದೆ. ಇದಕ್ಕಿಂತ ಹೊಲಸ ಸಿನಿಮಾ ಎಲ್ಲೂ ಸಿಗಲಿಲ್ಲ.” ಬೈಕಿನ ಸ್ಟ್ಯಾಂಡು ಸರಿಸುತ್ತ ನಕ್ಕ. “ನಾವು ಏನರೆ ತಪ್ಪ ಹೇಳಿದ್ರ ತಿದ್ದಲಾರದ ಸುಮ್ಮ ಇರೂ ಮನಶ್ಯಾ ಏನ್ರಿ ಅವಾ?”

ಅವಳು ಚೀಲವನ್ನು ಬೈಕಿನ ಹಿಡಿಕೆಗೆ ನೇತುಹಾಕಿದಳು. “ನಾಳೆ ಬರ್ರಿ,” ಎಂದಳು. “ಊಟಕ್ಕ ಬರ್ರಿ.”

ಬೈಕು ಮರೆಯಾದ ಮೇಲೂ ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತಳು. ಕಾಲೇಜಿನಲ್ಲಿ ಒಂದು ಉತ್ತರ ತಪ್ಪಿದರೆ ರಾತ್ರಿಯೆಲ್ಲ ನಿದ್ದೆಗೆಡುತ್ತಿದ್ದವಳು ಈಗ ಗಂಡನೆದುರು ಹೇಳಲು ತಲೆಯೊಳಗೆ ತಪ್ಪೊಂದನ್ನು ಹುಡುಕಿದಳು, ಒರೆಸಿದಳು, ಮತ್ತೆ ಹುಡುಕಿದಳು. ಒಳಗೆ ಹೋಗಿ ಟೇಬಲ್ಲಿನ ಮೇಲಿದ್ದ ಚಮಚವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿದಳು. ಗಂಡನ ಕಾಲ ಬಳಿ ನಿಂತಳು.

“ಅಲ್ರೀ, ಆ ರಾಕೆಟ್ಟಿನಾಗ ಬಾಳ ಸೆಕಿ ಆತಂದ್ರ ಕಿಟಕಿ ತಗೀತಾರೇನ್ರಿ?”

ಈಶ್ವರ ಕಣ್ಣರಳಿಸಿ ಹೆಂಡತಿಯನ್ನು ನೋಡಿದ. ಎಡಗೈಯಿಂದ ಹಣೆ ಚಚ್ಚಿಕೊಂಡ. ಆಮೇಲೆ ಅದೇ ಕೈಯಿಂದ ಮಂಚದ ಅಂಚನ್ನು ತಟ್ಟಿ, “ಕುಂ...ದ್ರ,” ಎಂದ.